ತಗಡಿನ ಕೆಳಗಿನ ನೀಹಾರಿಕೆ

ಭದ್ರಾವತಿಯ ನ್ಯೂ ಟೌನಿನ ನಿವೃತ್ತ ಚಿತ್ರಕಲಾ ಮೇಷ್ಟರಾದ ಷಡಕ್ಷರಪ್ಪನವರಿಗೂ ಆಕಾಶಕ್ಕೂ ನಡುವೆ ಆ ಭಾನುವಾರ ಬೆಳಿಗ್ಗೆ ಒಂದು ತಗಡಿನ ಶೀಟು ಬಂದು ನಿಂತಿತು.

"ಇವತ್ತು ಬಹುಮಾನ ಬರ್ಲಿಲ್ಲ ಅಂದ್ರೆ ನಾಳೆನೇ ಟೆರೇಸಿಗೆ ಶೀಟು ಹೊದಿಸ್ತೀನಿ. ಮಳೆಗಾಲದಲ್ಲಿ ಬಟ್ಟೆ ಒಣಗ್ಬೇಕು ನಂಗೆ," ಎಂದು ಹೆಂಡತಿ ಮಹಾಂತಮ್ಮ ತೀರ್ಪಿತ್ತರು.

ಅದೇ ಟೆರೇಸಿನಲ್ಲಿ ಹನ್ನೊಂದು ರಾತ್ರಿ ಸೊಳ್ಳೆಗಳಿಗೆ ರಕ್ತದಾನ ಮಾಡಿ ಮೇಷ್ಟರು ಕ್ಯಾಮೆರಾದಲ್ಲಿ ಸೆರೆಹಿಡಿದದ್ದು ಒಂದು ಕಪ್ಪು ನೀಹಾರಿಕೆಯನ್ನು. ಹಿಂದಿನ ನಕ್ಷತ್ರಗಳನ್ನೆಲ್ಲ ಮರೆಮಾಡಿ ಕುಳಿತ ಧೂಳಿನ ಮುಗಿಲು ಅದು; ಅದರ ಬಸಿರಿನಲ್ಲಿ ಎಳೆಯ ನಕ್ಷತ್ರಗಳು ರೂಪುಗೊಳ್ಳುತ್ತಿರುತ್ತವೆ. "ಹೆರಿಗೆ ಕೋಣೆ ಫೋಟೋ ತೆಗೆಯೋಕೆ ನಾಚಿಕೆ ಆಗಲ್ವೇನ್ರಿ?" ಎಂದು ಮಹಾಂತಮ್ಮ ಒಮ್ಮೆ ಕೇಳಿಯೂ ಇದ್ದರು.

ಶಿವಮೊಗ್ಗದ ವಿದ್ಯಾನಗರದಲ್ಲಿ ಮೂರು ಗಂಟೆಗೆ ಖಗೋಳ ಸಂಘದ ಫೋಟೋ ಸ್ಪರ್ಧೆಯ ಪ್ರದರ್ಶನ. ದಂಪತಿಗಳೊಡನೆ ಪಕ್ಕದ ಮನೆಯ ಪುಷ್ಪಮ್ಮನೂ ಹೊರಟರು. ಬಸ್ ಸ್ಟ್ಯಾಂಡಿನ ದಾರಿಯಲ್ಲೇ, ಚಿತ್ರವನ್ನು ಪ್ರಿಂಟಿಗೆ ಕೊಟ್ಟಿದ್ದ ವಿಜಯಕುಮಾರನ ಫೋಟೋ ಸ್ಟುಡಿಯೊ. ಬೋರ್ಡಿಗೆ ಅಂಟಿಸಿ ಸಿದ್ಧವಾಗಿದ್ದ ಚಿತ್ರವನ್ನು ಮೇಷ್ಟರು ಬೆಳಕಿಗೆ ಹಿಡಿದು ನೋಡಿದರು. ನೀಹಾರಿಕೆ ಇರಬೇಕಾದಲ್ಲಿ ನಕ್ಷತ್ರಗಳು ಬೂಂದಿಕಾಳಿನಂತೆ ಚೆಲ್ಲಿದ್ದವು.

"ಎಲ್ಲಯ್ಯಾ ನನ್ನ ಕಪ್ಪು?"

"ಮಧ್ಯದಲ್ಲಿ ಇಷ್ಟಗಲ ಕಲೆ ಇತ್ತಲ್ಲ ಸಾರ್, ಕ್ಲೀನ್ ಮಾಡಿ ಸ್ಟಾರ್ ತುಂಬಿಸಿದ್ದೀನಿ. ಮದುಮಗಳ ಮಚ್ಚೇನೂ ಬಿಡಲ್ಲ ನಾನು!"

"ಅದು ಕಲೆ ಅಲ್ವೋ ಮಾರಾಯ, ಅದೇ ಫೋಟೋ! ಇನ್ನೊಂದು ಪ್ರಿಂಟ್ ಹಾಕು."

"ಹಾಕೋಣ ಸಾರ್. ಕರೆಂಟ್ ಐದಕ್ಕೆ ಬರುತ್ತೆ."

ಬಸ್ಸಿನಲ್ಲಿ ಪುಷ್ಪಮ್ಮ ಚಿತ್ರದ ಮೇಲಿಂದ ಕಣ್ಣು ಕೀಳಲಿಲ್ಲ. "ಅಬ್ಬಬ್ಬಾ, ಎಷ್ಟ್ ಚೆನ್ನಾಗಿದೆ ಮೇಷ್ಟ್ರೇ! ನಮ್ಮನೆಯವ್ರು ಫೋಟೋ ತೆಗೆದ್ರೆ ನನ್ನ ತಲೆನೇ ಇರಲ್ಲ!" ಮೂರನೆಯ 'ಅಬ್ಬಬ್ಬಾ'ಗೆ ಮಹಾಂತಮ್ಮ ಚಿತ್ರವನ್ನು ಕಸಿದು ಸೆರಗಿನ ಮರೆಗೆ ಸೇರಿಸಿಕೊಂಡರು. ಮೇಷ್ಟರು ಕಿಟಕಿಯಾಚೆ ನೋಡಿದರೆ ದಾರಿಯುದ್ದಕ್ಕೂ ಶೀಟು ಹೊದ್ದ ಮನೆಗಳೇ.

ತೀರ್ಪುಗಾರರಾದ ನಿವೃತ್ತ ಭೌತಶಾಸ್ತ್ರ ಪ್ರಾಧ್ಯಾಪಕ ವಿಶ್ವಾರಾಧ್ಯರು ಭೂತಗನ್ನಡಿ ಹಿಡಿದು ಆ ಚಿತ್ರದ ಮುಂದೆ ನಿಂತಾಗ, ಷಡಕ್ಷರಪ್ಪನವರು ಕಂಬದ ಹಿಂದೆ ನಿಂತು ತಗಡಿನ ಅಳತೆಯನ್ನೇ ಲೆಕ್ಕ ಹಾಕುತ್ತಿದ್ದರು.

"ಅದ್ಭುತ!" ಎಂದು ವಿಶ್ವಾರಾಧ್ಯರು ಕೂಗಿದರು. "ಮೂಲೆಯ ಈ ಕಪ್ಪು ನೀಹಾರಿಕೆ ನೋಡಿ! ಆ ಮಸುಕು ಅಂಚು, ಆ ಬಾಲ! ಇದು ಯಾವ ಪಟ್ಟಿಯಲ್ಲೂ ಇಲ್ಲ. ಮೊದಲನೇ ಬಹುಮಾನ ಇದಕ್ಕೇ! ಮೇಷ್ಟ್ರೇ, ಬರೋ ಅಮಾವಾಸ್ಯೆಗೆ ನಮ್ಮ ಸಂಘದ ನಲವತ್ತು ಜನ ನಿಮ್ಮ ಟೆರೇಸಿಗೆ ಬರ್ತೀವಿ. ನಮ್ಮೆದುರಿಗೇ ಇದರ ಫೋಟೋ ತೆಗೀಬೇಕು ನೀವು!"

ಚಪ್ಪಾಳೆಯ ನಡುವೆ ಮೇಷ್ಟರು ಬಗ್ಗಿ ನೋಡಿದರು. ಮೂಲೆಯಲ್ಲಿ ಹುಣಿಸೆಬೀಜದಷ್ಟು ಕಪ್ಪು, ಅದಕ್ಕೊಂದು ಬಾಲ.

ಮಹಾಂತಮ್ಮ ಹೆಮ್ಮೆಯಿಂದ ಕಿವಿಯಲ್ಲಿ ಉಸುರಿದರು: "ಪುಷ್ಪಮ್ಮನ ದೃಷ್ಟಿ ತಾಗಬಾರ್ದು ಅಂತ ಬಸ್ಸಲ್ಲಿ ನಾನೇ ಕಣ್ಣಿನ ಕಾಡಿಗೆ ತೆಗೆದು ಬೊಟ್ಟಿಟ್ಟೆ ಕಣ್ರಿ. ಹಂಪ್ ಬಂತು, ಬೆರಳು ಜಾರ್ತು. ಹೋಗ್ಲಿ, ಬಹುಮಾನ ಬಂತಲ್ಲ! ಇನ್ನು ಶೀಟು ಬೇಡ ಬಿಡಿ."

ಬಹುಮಾನದ ಬೆಳ್ಳಿ ಬಣ್ಣದ ಕಪ್ಪನ್ನು ಎದೆಗವಚಿಕೊಂಡು ಷಡಕ್ಷರಪ್ಪನವರು ಅಂಗಲಾಚಿದರು:

"ಬೇಡ ಅನ್ಬೇಡ ಮಾರಾಯ್ತಿ! ಅಮಾವಾಸ್ಯೆಯೊಳಗೆ ಹೊದಿಸ್ಬಿಡು!"