ಸೀನಿಗೆ ಹೆದರುವ ಚಿಕ್ಕಮಾವ

ನಮ್ಮ ಚಿಕ್ಕಮಾವ ಹುಲಿಗೆ ಹೆದರಿದವರಲ್ಲ. ಕೆರಾಡಿಯ ಕಾಡಂಚಿನ ಗದ್ದೆಯಲ್ಲಿ ಒಬ್ಬರೇ ಕಾವಲು ಕಾದು ಬಂದವರು. ಹಾವು ಕಂಡರೆ ಬಾಲ ಹಿಡಿದು ಬೇಲಿಯಾಚೆ ಎಸೆಯುತ್ತಿದ್ದರು. ಆದರೆ ಯಾರಾದರೂ ‘ಆಕ್ಷಿ’ ಎಂದರೆ ಮುಗಿಯಿತು; ಹೆಗಲ ಶಾಲು ಮೂಗಿಗೇರುತ್ತಿತ್ತು, ಮನುಷ್ಯ ಹಿತ್ತಿಲು ಸೇರುತ್ತಿದ್ದರು. ಊರೆಲ್ಲ ಯುದ್ಧದ ಸುದ್ದಿ ಕೇಳಿ ನಡುಗುತ್ತಿದ್ದ ಕಾಲ ಅದು. ಬಸ್ರೂರಿನ ನಮ್ಮ ಮನೆಯಲ್ಲಿ ಇವರು ನಡುಗುತ್ತಿದ್ದದ್ದು ನೆಗಡಿಗೆ!

ಚಿಕ್ಕಮಾವ ಎಂದರೆ ನನ್ನ ಗಂಡನ ಚಿಕ್ಕಪ್ಪ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವರು. ಮಾವ ತೀರಿಕೊಂಡಿದ್ದರು, ನನ್ನ ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಮನೆಗೆ ಗಂಡುದಿಕ್ಕು ಎಂದರೆ ಇವರೇ. ಆ ದಿಕ್ಕು ವೈಶಾಖದ ಸೆಖೆಯಲ್ಲೂ ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಜಗಲಿಯಲ್ಲಿ ಬೆವರುತ್ತ ಕೂತಿರುತ್ತಿತ್ತು. ಅವರ ಲೋಟ ಬೇರೆ, ಚೆಂಬು ಬೇರೆ, ಮುಖ ಒರೆಸುವ ಬೈರಾಸು ಬೇರೆ. ಬೆಳಗಾದರೆ ಉಪ್ಪುನೀರು ಮುಕ್ಕಳಿಸುವ ಶಬ್ದ. ಅದು ಶುರುವಾದೊಡನೆ ನಮ್ಮ ತೆಂಗಿನ ಮರದ ಕಾಗೆಗಳು ಹೊಳೆ ದಾಟಿ ಹೋಗುತ್ತಿದ್ದವು.

ಒಮ್ಮೆ ನನ್ನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದರು. ಬೆಲ್ಲ ನೀರು ಕೊಟ್ಟಾಯಿತು, ಜಾತಕದ ಮಾತೂ ಆಯಿತು. ಎಲ್ಲ ಕೂಡಿಬರುವ ಹೊತ್ತಿಗೆ ಹುಡುಗ ಸೀನಿದ. ಚಿಕ್ಕಮಾವ ಎದ್ದು ಹೊರಟೇಬಿಟ್ಟರು. ಹುಡುಗನ ತಂದೆಯ ಮುಖ ಕಪ್ಪಿಟ್ಟಿತು. ಸೀನು ಅಪಶಕುನವೆಂದು ಹೆಣ್ಣಿನ ಕಡೆಯ ಹಿರಿಯರೇ ಎದ್ದುಹೋದರೆ ಇನ್ನೇನು ಉಳಿಯಿತು? ನಮ್ಮ ಅತ್ತೆ ಓಡಿಹೋಗಿ, ಕೊಟ್ಟಿಗೆಯ ಹಿಂದೆ ನಿಂತಿದ್ದವರನ್ನು ಎಳೆದು ತಂದರು. ಅವರು ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು ಶಾಲಿನೊಳಗಿಂದ ಹೇಳಿದರು: “ಹ್ವಾಯ್, ಶಕುನ ಅಲ್ಲ, ಶೀತ. ಸಂಬಂಧ ನಂಗ್ ಒಪ್ಪಿಗಿ. ಮಾಣಿ ಮಾತ್ರ ಆಚಿ ಬದಿಗ್ ಮುಖ ಮಾಡಿ ಕೂಕಣ್ಲಿ.”

ಮದುವೆ ನಡೆಯಿತು. ಆ ಅಳಿಯ ಇಂದಿಗೂ ನಮ್ಮ ಮನೆಗೆ ಬಂದರೆ ಮೂಗು ಒರೆಸಿಕೊಂಡೇ ಮೆಟ್ಟಿಲು ಹತ್ತುವುದು.

ಇನ್ನು ಅವರಿಗೇ ನೆಗಡಿಯಾದರೆ? ಸಾವೇ ಬಂತೆಂದು ಲೆಕ್ಕ. ಕಡೆಯ ಸಲ ಮುಖ ನೋಡಿಕೊಂಡು ಹೋಗಲಿ ಎಂದು ತೆಕ್ಕಟ್ಟೆಯಲ್ಲಿದ್ದ ತಮ್ಮ ಅಕ್ಕನಿಗೆ ಹೇಳಿಕಳಿಸುತ್ತಿದ್ದರು. ಪಾಪ, ಆಕೆ ಎತ್ತಿನ ಗಾಡಿಯಲ್ಲಿ ದಾರಿಯುದ್ದಕ್ಕೂ ಅಳುತ್ತ ಬಂದರೆ, ಸಾಯುವ ತಮ್ಮನೋ ಮಾವಿನ ಮಿಡಿ ನಂಚಿಕೊಂಡು ಗಂಜಿ ಉಣ್ಣುತ್ತಿದ್ದರು. ಹೀಗೆ ಹಲವು ಸಲ ಆದ ಮೇಲೆ ಆಕೆ ಖಡಾಖಂಡಿತವಾಗಿ ಹೇಳಿದರು: “ಇನ್ನ್ ನೀ ಸತ್ತ್ ಮೇಲೇ ಹೇಳಿ ಕಳ್ಸ್.”

ಹಾಗಾಗಿ ಅವರ ಹೆದರಿಕೆಗೆ ಮನೆಯಲ್ಲಿ ಬೆಲೆಯೇ ಇರಲಿಲ್ಲ. ಐದು ವರ್ಷದ ನನ್ನ ಮಗಳಂತೂ ಸುಳ್ಳು ಸೀನು ಸೀನಿ ಅವರನ್ನು ಓಡಿಸಿ ನಗುತ್ತಿದ್ದಳು.

ಮಳೆ ಹಿಂದೆಗೆಯುತ್ತಿದ್ದ ದಿನಗಳಲ್ಲಿ ಆ ಮಗಳಿಗೆ ಗಂಟಲು ನೋವು ಬಂತು. ಶೀತ ಎಂದುಕೊಂಡು ಕಾಳುಮೆಣಸಿನ ಕಷಾಯ ಕೊಟ್ಟೆ, ಬಿಸಿನೀರಿನ ಹಬೆ ಹಿಡಿಸಿದೆ. ಮರುದಿನ ಅವಳು ಗಂಜಿಯ ಬಟ್ಟಲನ್ನು ದೂಡಿದಳು. ಜ್ವರ ಹೆಚ್ಚಿರಲಿಲ್ಲ, ಆದರೆ ಕುತ್ತಿಗೆ ಬಾತಿತ್ತು, ದನಿ ಉಡುಗಿತ್ತು. ಶೀತ ಗಂಟಲಿಗೆ ಇಳಿದಿದೆ, ನಾಳೆ ಸಮ ಆಗುತ್ತದೆ ಎಂದು ಅತ್ತೆ ಹೇಳಿದರು. ನನಗೂ ಹಾಗೆಯೇ ನಂಬಬೇಕಾಗಿತ್ತು.

ಹೊಳೆ ಬದಿಯಿಂದ ಬಂದ ಚಿಕ್ಕಮಾವ ಅಂಗಳದಲ್ಲಿದ್ದಾಗ ಒಳಗೆ ಮಗು ಕೆಮ್ಮಿತು. ಒರಟು, ಒಡಕು ಕೆಮ್ಮು. ಈಗ ಹಿತ್ತಿಲಿಗೆ ಓಡುತ್ತಾರೆ ಎಂದುಕೊಂಡೆ. ಅವರು ಒಳಗೆ ಬಂದರು. ಶಾಲು ಹೆಗಲ ಮೇಲೆಯೇ ಇತ್ತು. ಚಾಪೆಯ ಪಕ್ಕ ಮೊಣಕಾಲೂರಿ, ಮಗುವಿನ ಬಾಯಿಗೆ ಕಿವಿಯಿಟ್ಟು ಕೂತರು. ಅವಳು ಉಸಿರೆಳೆದಾಗಲೆಲ್ಲ ಸುಂಯ್ ಎಂಬ ಸದ್ದು. ಅವರು ಓಡಿಹೋಗಿದ್ದರೆ ನನಗೆ ಧೈರ್ಯವಿರುತ್ತಿತ್ತು.

“ಇದ್ ಶೀತ ಅಲ್ಲ. ಈಗ್ಳೇ ಕುಂದಾಪ್ರಕ್ಕ್ ಹೋಯ್ಕ್,” ಎಂದರು.

ಅತ್ತೆ ತಡೆದರು. ಎಷ್ಟು ಸಲ ಹೀಗೆ ಹೆದರಿಸಿಲ್ಲ ಇವನು, ಈ ಗಾಳಿಯಲ್ಲಿ ಮಗುವನ್ನು ದೋಣಿ ಹತ್ತಿಸುವುದೇ ಎಂದರು. ನಾನು ಮಗುವಿಗೆ ಕಂಬಳಿ ಸುತ್ತಿ ಎತ್ತಿಕೊಂಡೆ.

ದೋಣಿಯಲ್ಲಿ ಅವಳನ್ನು ಚಿಕ್ಕಮಾವ ಎದೆಗೊರಗಿಸಿ ಕೂರಿಸಿಕೊಂಡರು. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಗಾಳಿ ಎದುರಿನಿಂದ ಬೀಸುತ್ತಿತ್ತು, ದೋಣಿ ಸಾಗುತ್ತಲೇ ಇರಲಿಲ್ಲ. ಪ್ರತಿ ಉಸಿರಿಗೂ ಅವಳ ಗಂಟಲ ಗುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಒಂದು ಉಸಿರು ಮುಗಿದು ಇನ್ನೊಂದು ಬರುವ ತನಕ ನಾನು ಬದುಕಿರಲಿಲ್ಲ.

ಕುಂದಾಪುರದ ಡಾಕ್ಟರು ಚಮಚದಿಂದ ನಾಲಗೆ ಒತ್ತಿ, ಟಾರ್ಚ್ ಬಿಟ್ಟು ನೋಡಿದರು. ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟಿತ್ತು. ಗಂಟಲುಮಾರಿ ಎಂದರು. ಇಂಜೆಕ್ಷನ್ ಕೊಟ್ಟು, ಬೇರೆಯದೇ ಕೋಣೆಯಲ್ಲಿ ಮಲಗಿಸಿದರು. ಬರಿಯ ನೆಗಡಿಗೆ ಯಾರೂ ಅಂಜಬೇಕಾಗಿಲ್ಲ, ಬಿಸಿ ಗಂಜಿ ಉಂಡು ಬೆಚ್ಚಗಿದ್ದರೆ ಅದು ತಾನಾಗಿ ಹೋಗುತ್ತದೆ. ಆದರೆ ಮಗುವಿಗೆ ನುಂಗಲಾಗದಿದ್ದರೆ, ಉಸಿರು ಶಬ್ದ ಮಾಡಿದರೆ, ನಾಳೆಯವರೆಗೆ ಕಾಯಬಾರದು ಎಂದರು. ಈ ರೋಗ ಉಸಿರಿನಿಂದ ಹರಡುತ್ತದೆ ಎಂದೂ ಎಚ್ಚರಿಸಿದರು. ಚಿಕ್ಕಮಾವ ತಲೆಯಾಡಿಸಿದರು, ಕೂತಲ್ಲಿಂದ ಏಳಲಿಲ್ಲ.

ನಿಮಗೆ ಹೇಗೆ ಗೊತ್ತಾಯಿತು ಎಂದು ಡಾಕ್ಟರು ಕೇಳಿದರು. ಅವರು ನೆಲ ನೋಡುತ್ತ ಹೇಳಿದರು: “ನನ್ ತಂಗಿ ಹೀಂಗೇ ಕೆಮ್ತಿದ್ದಿತ್ತ್, ಡಾಕ್ಟ್ರೆ. ಸಣ್ಣ ಶೀತ ಅಂದ್ರ್ ಎಲ್ಲರೂ. ನಾನೂ ನಿದ್ದಿ ಮಾಡ್ದೆ.”

ಅವರಿಗೊಬ್ಬಳು ತಂಗಿ ಇದ್ದಳೆಂದು ನನಗೆ ತಿಳಿದದ್ದೇ ಆ ದಿನ.

ಬದುಕುತ್ತಾಳೆಂದು ಡಾಕ್ಟರು ಬೇಗ ಹೇಳಲಿಲ್ಲ. ನಾನು ಕಣ್ಣು ಮುಚ್ಚಿರಲಿಲ್ಲ. ಕಡೆಗೊಂದು ಮಧ್ಯಾಹ್ನ ಉಸಿರಿನ ಆ ಸದ್ದು ನಿಂತಿತು, ಒಂದು ಚಮಚ ಗಂಜಿತಿಳಿ ಒಳಗೆ ಇಳಿಯಿತು. ಡಾಕ್ಟರು ನೋಡಿ, ಇನ್ನೂ ಕೆಲವು ದಿನ ಮಂಚದಿಂದ ಇಳಿಸಬಾರದು, ಆದರೆ ಉಸಿರಿನ ಭಯವಿಲ್ಲ ಎಂದು ಹೋದರು. ಚಿಕ್ಕಮಾವ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಹೋಗಿ ಸ್ನಾನ ಮಾಡಿ ಮಲಗಿ, ಇನ್ನೇನೂ ಹೆದರಿಕೆಯಿಲ್ಲವಲ್ಲ ಎಂದೆ.

ಅವರು ನನ್ನ ಚಾಪೆಯನ್ನು ಗೋಡೆಯ ಬದಿಗೆ ಬಿಡಿಸಿ ಹಾಸಿದರು.

“ನೀ ಮನಿಕೊ ಮಗಾ. ಅದ್ರ್ ಉಸ್ರ್ ನಾನ್ ಕೇಳ್ತಾ ಕೂಕಂತೆ.”