ಬಜರ್ದಿಂ ಶೀನಪ್ಪ

ಶೀನಪ್ಪನಿಗೆ ಹದಿನೈದು ದಿನದ ರಜೆ ಬೇಕಿತ್ತು. ಕುಂದಾಪುರದಲ್ಲಿ ಮಗಳ ಸೀಮಂತ, ಟಿಕೆಟ್ಟೂ ಆಗಿತ್ತು. ಆದರೆ ಅವನು ಅಡುಗೆಗಿದ್ದ, ವಿಲಾಯಿತಿಯ ಫೆಲ್ಥಮ್ಮಿನ ಉಡುಪಿ ಹೋಟೆಲಿಗೆ ಹೊಸದಾಗಿ ಬಂದ ಮ್ಯಾನೇಜರ್, ತಾಷ್ಕೆಂಟಿನ ದಿಲ್ಶೋದ್, ರಜೆಚೀಟಿಗೆ ಸಹಿ ಹಾಕದೆ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

“ಅವ್ರ ಉಜ್ಬೆಕ್ ಭಾಷೆಯಲ್ಲೇ ಮಾತಾಡಿ ಶೀನಣ್ಣ, ಕರಗಿ ಹೋಗ್ತಾರೆ,” ಅಂದ ದೋಸೆ ಹುಯ್ಯುವ ವಿನೀತ್, ಫೋನು ನೋಡಿ ಪಾಠವನ್ನೇ ಶುರುಮಾಡಿದ. “‘ಬಜರಾಮನ್’ ಅಂದ್ರೆ ಮಾಡ್ತೇನೆ. ‘ಬಜರ್ದಿಂ’ ಅಂದ್ರೆ ಮಾಡಿ ಆಯ್ತು. ಕೊನೆಗೊಂದು ‘ಅಕಾ’ ಸೇರಿಸಿ.”

“ಎಂತ ಮಾರಾಯ, ಗಂಡ್ಸಿಗೆ ಅಕ್ಕ ಅಂಬುದಾ?”

“ಅವ್ರಲ್ಲಿ ಅಕಾ ಅಂದ್ರೆ ಅಣ್ಣ!” ಪಾತ್ರೆ ತೊಳೆಯುತ್ತಿದ್ದ ರಾಜೀವಿ ಅಲ್ಲಿಂದಲೇ ಕೂಗಿದಳು.

ಶೀನಪ್ಪನ ನಾಲಿಗೆಗೆ ಕೂತದ್ದು ಬಜರ್ದಿಂ ಒಂದೇ. ಮದ್ದಳೆಗೆ ಬಿದ್ದ ಪೆಟ್ಟಿನ ಹಾಗಿತ್ತು. ಅದರ ಅರ್ಥ ಮಾತ್ರ ಚಟ್ನಿ ರುಬ್ಬುವಷ್ಟರಲ್ಲಿ ತಲೆಯೊಳಗೆ ಅದಲುಬದಲಾಗಿತ್ತು.

ದಿಲ್ಶೋದ್ ಪಟ್ಟಿ ಹಿಡಿದು ಬಂದ. “ಫ್ರಿಜ್ ತೊಳೆಯೋದು?”

‘ಮಾಡ್ತೇನೆ’ ಎಂದುಕೊಂಡೇ ಶೀನಪ್ಪ ಗುಡುಗಿದ: “ಬಜರ್ದಿಂ, ಅಕಾ!”

ದಿಲ್ಶೋದನ ಮುಖ ಬಿಸಿ ಕಾವಲಿಯ ಮೇಲಿನ ಬೆಣ್ಣೆಯಾಯಿತು. “ಈರುಳ್ಳಿ?”

“ಬಜರ್ದಿಂ!”

“ಸಂಜೆ ಪಾರ್ಟಿಯ ನೂರಿಪ್ಪತ್ತು ಜನಕ್ಕೆ ಸಾಂಬಾರ್?”

“ಬಜರ್ದಿಂ!”

ಕೆಲಸವೆಲ್ಲ ಮುಗಿದಿದೆಯಲ್ಲ, ಇನ್ನು ಇವರೇಕೆ ಎಂದು ದಿಲ್ಶೋದ್ ವಿನೀತನನ್ನೂ ರಾಜೀವಿಯನ್ನೂ ಮಧ್ಯಾಹ್ನವೇ ಮನೆಗೆ ಕಳಿಸಿದ. ಇಬ್ಬರೂ ಯಾಕೆಂದು ಕೇಳದೆ ಕೋಟು ಹಾಕಿಕೊಂಡರು. ಶೀನಪ್ಪನನ್ನು ಕೊತ್ತಂಬರಿ ತರಲು ಸೌತ್‌ಹಾಲಿನ ಮಾರ್ಕೆಟ್ಟಿಗೆ ಅಟ್ಟಿದ. ‘ಬಂದು ಮಾಡಿದ್ರಾಯ್ತು’ ಎಂದು ಹೋದ ಶೀನಪ್ಪ, ಬಸ್ಸು ಕೆಟ್ಟು ವಾಪಸಾದಾಗ ಐದೂಮುಕ್ಕಾಲು.

ಆರಕ್ಕೆ ಸಟನ್ ಊರಿನಿಂದ ಪಾರ್ಟಿಯ ಡಾಕ್ಟರುಗಳ ದಂಡು ಬಂದಿಳಿಯಿತು. ದಿಲ್ಶೋದ್ ಕೊಪ್ಪರಿಗೆಯ ಮುಚ್ಚಳ ತೆಗೆದ. ಒಳಗೆ ಒಂದು ಸೌಟು ಮಾತ್ರ ಮಲಗಿತ್ತು.

“ಬಜರ್ದಿಂ ಅಂದ್ಯಲ್ಲ?”

“ಹೌದು ಅಕಾ, ಈಗ ಮಾಡ್ತೆ!”

ನೂರಿಪ್ಪತ್ತು ಮಂದಿ ಇಡ್ಲಿಗೆ ಕೆಚಪ್ ಹಚ್ಚಿಕೊಂಡು ತಿಂದರು. ಧಾರವಾಡದ ಒಬ್ಬ ಡಾಕ್ಟರು, “ಹೊಸಾ ಐಟಂ ಏನ್ರೀ ಇದು?” ಎಂದು ಎರಡನೇ ಸಲ ಹಾಕಿಸಿಕೊಂಡರು.

ಜನ ಹೋದ ಮೇಲೆ ದಿಲ್ಶೋದ್ ಶೀನಪ್ಪನನ್ನು ಎದುರು ಕೂರಿಸಿಕೊಂಡ. ಕೆಲಸ ಹೋಯಿತೆಂದು ಶೀನಪ್ಪ ಆಗಲೇ ಏಪ್ರನ್ ಬಿಚ್ಚಿ ಮಡಚಿಟ್ಟಿದ್ದ. ದಿಲ್ಶೋದ್ ಜೇಬಿನಿಂದ ಚೀಟಿ ತೆಗೆದು ಸಹಿ ಹಾಕಿದ.

“ಹದಿನೈದು ದಿನ ರಜೆ.”

ಶೀನಪ್ಪನ ಕಣ್ಣು ತುಂಬಿತು.

“ನಾಳೆ ನಮ್ಮಮ್ಮ ತಾಷ್ಕೆಂಟಿಂದ ಬರ್ತಾಳೆ. ಹದಿನೈದು ದಿನ ಇರ್ತಾಳೆ, ದಿನಕ್ಕೆ ನೂರು ಕೆಲಸ ಹೇಳ್ತಾಳೆ. ನನ್ನ ಹೆಂಡತಿ ‘ಆಮೇಲೆ ಮಾಡ್ತೇನೆ’ ಅಂದ್ರೆ ಯುದ್ಧವೇ. ಒಂದೂ ಕೆಲಸ ಮಾಡದೆ ಅಷ್ಟು ನಿಯತ್ತಾಗಿ ‘ಮಾಡಿ ಆಯ್ತು’ ಅನ್ನೋ ಮುಖ ನಾನು ಬೇರೆಲ್ಲೂ ನೋಡಿಲ್ಲ. ರಜೆ ನಮ್ಮನೇಲಿ ಕಳೀಬೇಕು, ಅಮ್ಮ ಏನು ಹೇಳಿದ್ರೂ ‘ಬಜರ್ದಿಂ’ ಅನ್ಬೇಕು. ಇಲ್ದಿದ್ರೆ ಆ ಇಡ್ಲಿ-ಕೆಚಪ್ ವಿಷಯ ಮಾಲೀಕರಿಗೆ ಹೇಳ್ಬೇಕಾಗುತ್ತೆ.”

ಸೀಮಂತದ ದಿನ ಮಗಳು ವಿಡಿಯೋ ಕಾಲ್ ಮಾಡಿದಾಗ ಶೀನಪ್ಪ ದಿಲ್ಶೋದನ ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದ. ಬರೀ ‘ಬಜರ್ದಿಂ’ ಅಂದರೆ ನಂಬದ ದಿಲ್ಶೋದನ ಮುದಿ ತಾಯಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.