ಒಳಗೆ ಎಷ್ಟು ಜನ?

"ಸಮುದ್ರ ಇರೋದು ನೆಲದ ಮೇಲೆ! ಅದನ್ನ ನೋಡೋಕೆ ಹದಿನೆಂಟನೇ ಮಹಡಿ ಹತ್ತಬೇಕಾ?"

ಲಿಫ್ಟ್ ರಾಯರು ಗುಡುಗಿದ್ದು, ರಜೆಗೆ ಕಡಲ ದಂಡೆಯ ದೊಡ್ಡ ಹೋಟೆಲಿಗೆ ಹೋಗಿ ಎಂದ ಮಗಳ ಮೇಲೆ. ಮೂವತ್ತೆರಡು ವರ್ಷ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ನಿವೃತ್ತರಾದ ಮಹಾನುಭಾವರು ಅವರು. ಇನ್ನು ಈ ಜನ್ಮದಲ್ಲಿ ಲಿಫ್ಟ್ ಇರುವ ಕಟ್ಟಡದಲ್ಲಿ ಮಲಗುವುದಿಲ್ಲವೆಂದು ಪಣ ತೊಟ್ಟಿದ್ದರು. ಮಗಳ ಮನೆಯೋ ಹದಿನಾಲ್ಕನೇ ಮಹಡಿಯಲ್ಲಿ! ಹೆಂಡತಿ ತೀರಿಕೊಂಡ ಮೇಲೆ "ನಮ್ಮ ಜೊತೇಲೇ ಇರಿ" ಎಂದು ಅವಳು ಅಂಗಲಾಚಿದಾಗೆಲ್ಲ ರಾಯರು ಈ ಪಣವನ್ನೇ ಅಡ್ಡ ಹಿಡಿಯುತ್ತಿದ್ದರು.

"ಆ ದೊಡ್ಡ ಹೋಟೆಲಲ್ಲಿ ಬಾತ್‌ರೂಮಲ್ಲೂ ಫೋನ್ ಇದೆಯಪ್ಪಾ."

"ಬಚ್ಚಲಲ್ಲಿ ಕೂತು ನಾನು ಯಾರ ಹತ್ರ ಮಾತಾಡ್ಲಿ?"

"ಸರಿ, ನೀವು ಹೇಳೋ ಆ ಹಳೇ ಮೋಟೆಲಿಗೇ ಹೋಗಿ. ನಾಲ್ಕು ದಿನ ಯಾರ ಸಹಾಯನೂ ಇಲ್ದೆ ಇದ್ದು ತೋರ್ಸಿ. ಗೆದ್ರೆ ನಮ್ಮನೆಗೆ ಬನ್ನಿ ಅಂತ ಇನ್ನು ಬಾಯಿ ಬಿಡಲ್ಲ. ಸೋತ್ರೆ ಗಂಟುಮೂಟೆ ಕಟ್ಟಿ!"

"ನಾಲ್ಕಲ್ಲ, ನಲವತ್ತು ದಿನ ಇರ್ತೀನಿ! ನೀನು ಫೋನೂ ಮಾಡ್ಬೇಡ!"

ಕಡಲ ದಂಡೆಯಲ್ಲಿ ಒಂದೇ ಸಾಲಿಗೆ ಎಂಟು ಕೋಣೆಗಳ ಮೋಟೆಲು. ಎಡಬಲದ ಭಾರೀ ಹೋಟೆಲುಗಳ ನಡುವೆ ಅದು ಗ್ರೂಪ್ ಫೋಟೋದಲ್ಲಿ ಸಿಕ್ಕಿಬಿದ್ದ ಕುಳ್ಳನ ಹಾಗೆ ನಿಂತಿತ್ತು. ಎಂದೋ ಒಂದು ಕ್ಯಾಲೆಂಡರಿನಲ್ಲಿ ಅದರ ಚಿತ್ರ ನೋಡಿ ರಾಯರ ಹೆಂಡತಿ ಆಸೆಪಟ್ಟಿದ್ದಳು. ರಜೆ ಹಾಕಿದಾಗೆಲ್ಲ ಊರಿನ ಯಾವುದೋ ಒಂದು ಲಿಫ್ಟ್ ಕೆಟ್ಟು ಕೂರುತ್ತಿತ್ತು. "ಮುಂದಿನ ವರ್ಷ ಖಂಡಿತ" ಎನ್ನುತ್ತಿದ್ದರು ರಾಯರು. ಆ ಮುಂದಿನ ವರ್ಷಗಳೆಲ್ಲ ಈಗ ಮುಗಿದುಹೋಗಿದ್ದವು.

"ಎಷ್ಟು ಜನ?" ಎಂದರು ಮೋಟೆಲಿನ ಒಡತಿ, ಕನ್ನಡಕ ಏರಿಸಿಕೊಂಡು.

"ಇಬ್ರು," ಎಂದ ರಾಯರು ನಾಲಿಗೆ ಕಚ್ಚಿಕೊಂಡರು. "ಅಲ್ಲ. ಒಬ್ಬ."

"ಬಾತ್‌ರೂಮಿಗೆ ಒಳಗಡೆ ಚಿಲಕ ಇಲ್ಲ ಸಾರ್. ಉಪ್ಪುಗಾಳಿಗೆ ಬಾಗಿಲು ಉಬ್ಬಿ ಚಿಲಕ ಕಚ್ಕೊಳತ್ತೆ ಅಂತ ನಾನೇ ಕಿತ್ಹಾಕಿಸ್ದೆ. ಬೆಳಿಗ್ಗೆ ಗುಡಿಸೋಕೆ ಬರ್ಲಾ?"

"ಯಾರೂ ಬರ್ಬೇಡಿ. ನಂದೆಲ್ಲ ನಾನೇ ನೋಡ್ಕೋತೀನಿ!"

ಚಿಲಕವಿಲ್ಲದ ಬಾಗಿಲು! ಇಂಥ ಅಪಚಾರವನ್ನು ನೋಡಿಕೊಂಡು ಸುಮ್ಮನಿರುವ ಕೈಗಳೇ ಅವು? ಕಪಾಟಿನ ಡ್ರಾಯರಿನಲ್ಲಿ ಹಳೆಯ ಚಿಲಕ ಬಿದ್ದಿತ್ತು. ಸ್ಕ್ರೂಡ್ರೈವರ್ ಇಲ್ಲದೆ ರಾಯರು ಎಲ್ಲಿಗೂ ಹೊರಡುವವರಲ್ಲ. ಹತ್ತೇ ನಿಮಿಷದಲ್ಲಿ ಚಿಲಕ ಟಕ್ಕೆಂದು ಕೂತಿತು. "ಕೆಲಸ ಅಂದ್ರೆ ಇದು!" ಎಂದು ಅವರು ಹಿಂದಿರುಗಿ ನೋಡಿದರು. "ಸಾಕು ಬನ್ರೀ, ರಜಕ್ಕೆ ಬಂದಿದೀವಿ" ಎಂದು ಗದರುವವರು ಹಿಂದೆ ಇರಲಿಲ್ಲ.

ಮರುದಿನ ಬೆಳಿಗ್ಗೆ ರಾಯರು ಚಿಲಕ ಹಾಕಿಕೊಂಡು ಸ್ನಾನಕ್ಕಿಳಿದರು. ಒಂಟಿ ಕೋಣೆಯಲ್ಲಿ ಯಾರಿಗೆ ಹೆದರಿ ಚಿಲಕ? ಅಭ್ಯಾಸಬಲ! ಸ್ನಾನ ಮುಗಿಸಿ ಎಳೆದರೆ ಚಿಲಕ ಜಪ್ಪಯ್ಯ ಎನ್ನಲಿಲ್ಲ. ಸ್ಕ್ರೂಡ್ರೈವರ್ ಮಂಚದ ಮೇಲೆ. ಫೋನೂ ಮಂಚದ ಮೇಲೆ. ಅದು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಬೇಡವೆಂದರೂ ಫೋನ್ ಮಾಡುವವಳು ಮಗಳೊಬ್ಬಳೇ. ಕೂಗಿ ಯಾರನ್ನಾದರೂ ಕರೆಯೋಣವೆಂದರೆ ಪಂದ್ಯ ಸೋತಂತೆ! ರಾಯರು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು.

ಎಷ್ಟು ಹೊತ್ತು ಕೂತರೋ! ಕೊನೆಗೆ ಧೈರ್ಯಕ್ಕೆಂದು, ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಜೊತೆ ಹೊರಗಿನಿಂದ ಮಾತಾಡುತ್ತಿದ್ದ ತಮ್ಮ ಹಳೆಯ ಗತ್ತಿನ ದನಿ ತೆಗೆದರು.

"ಗಾಬರಿ ಆಗ್ಬೇಡಿ. ಒಳಗೆ ಎಷ್ಟು ಜನ?"

"ಒಬ್ಬನೇ," ಎಂದು ಸಣ್ಣ ದನಿಯಲ್ಲಿ ತಾವೇ ಉತ್ತರಿಸಿದರು.

"ಮನೇಲಿ ಯಾರು ಕಾಯ್ತಿದಾರೆ? ಅವರ ವಿಷಯ ಹೇಳಿ, ಹೊತ್ತು ಹೋಗತ್ತೆ."

ಮೂವತ್ತೆರಡು ವರ್ಷದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದವರೇ ಇರಲಿಲ್ಲ. ರಾಯರು ಟವೆಲಿನಿಂದ ಮುಖ ಒರೆಸಿಕೊಂಡರು. ಮುಖ ಮತ್ತೆ ಒದ್ದೆಯಾಯಿತು.

"ಇದ್ಲು," ಎಂದರು ಆಮೇಲೆ. "ಇಲ್ಲಿಗೆ ಬರ್ಬೇಕು ಅಂತಿದ್ಲು. ನಾನು ಕರ್ಕೊಂಡು ಬರ್ಲಿಲ್ಲ."

"ಒಳಗೆ ಎಷ್ಟು ಜನ ಇದೀರಿ?"

ರಾಯರು ಬಕೆಟ್ಟಿನಿಂದ ಬಿದ್ದೇಬಿಟ್ಟರು! ಈ ಸಲ ದನಿ ಅವರದಾಗಿರಲಿಲ್ಲ. ಒಡತಿ ತಮ್ಮ ಬೀಗದ ಕೈಯಿಂದ ಕೋಣೆ ತೆಗೆದು ಒಳಗೆ ಬಂದಿದ್ದರು.

"ಒಬ್ಬನೇ, ತಾಯೀ! ಚಿಲಕ ಕಚ್ಕೊಂಡಿದೆ!"

"ನಮ್ಮಲ್ಲಿ ಚಿಲಕ ಎಲ್ಲಿದೆ ಸಾರ್?"

"ನಾನೇ ಹಾಕ್ದೆ..."

ಮರುಕ್ಷಣ ಬಾಗಿಲಿನ ಕೆಳಮೂಲೆಗೆ ಒಂದೇ ಒಂದು ಒದೆ! ಮೂವತ್ತೆರಡು ವರ್ಷದ ಅನುಭವ ಸ್ಕ್ರೂ ಸಮೇತ ಕಿತ್ತು ರಾಯರ ಕಾಲಬುಡಕ್ಕೆ ಬಿತ್ತು.

ಅವರು ಬಟ್ಟೆ ಹಾಕಿಕೊಂಡು ಬಂದಾಗ ಮೇಜಿನ ಮೇಲೆ ಎರಡು ಕಪ್ ಚಹಾ ಇತ್ತು.

"ನಮ್ಮ ಗೋಡೆ ತೆಳು ಸಾರ್. ಇಬ್ಬರ ಮಾತು ಕೇಳಿಸ್ತು, ಎರಡು ತಂದೆ. ಎಲ್ಲಿ ನಿಮ್ಮ ಜೊತೆಯವ್ರು?"

"ಬರೋದಿತ್ತು," ಎಂದರು ರಾಯರು. "ಬರ್ಲಿಲ್ಲ."

ಒಡತಿ ಅವರ ಮುಖ ನೋಡಿದರು. ಮತ್ತೇನೂ ಕೇಳದೆ ಕುರ್ಚಿ ಎಳೆದು ಕೂತು ಎರಡನೇ ಕಪ್ ತಾವು ತೆಗೆದುಕೊಂಡರು.

ಫೋನ್ ಮತ್ತೆ ಹೊಡೆದುಕೊಂಡಿತು.

"ಅಪ್ಪಾ! ಎಷ್ಟು ಸಲ ಮಾಡ್ದೆ! ಎಲ್ಲಿದ್ರಿ?"

"ಬಚ್ಚಲಲ್ಲಿ."

"ಇಷ್ಟೊತ್ತು ಏನ್ ಮಾಡ್ತಿದ್ರಿ?"

"ಮಾತಾಡ್ತಿದ್ದೆ."

ಮಗಳು ದನಿ ತಗ್ಗಿಸಿ, "ಸೋತ್ರಾ ಅಪ್ಪಾ?" ಎಂದಳು.

ರಾಯರು ಅಂಗೈಯಲ್ಲಿದ್ದ ಚಿಲಕವನ್ನು ನೋಡಿಕೊಂಡರು.

"ಸೋತೆ ಕಣಮ್ಮಾ. ಹದಿನಾಲ್ಕನೇ ಮಹಡಿನೂ ಆಗ್ಲಿ, ಲಿಫ್ಟೂ ಆಗ್ಲಿ, ಬರ್ತೀನಿ. ಆದ್ರೆ ನಾನು ಬರೋದ್ರೊಳಗೆ ನಿಮ್ಮನೆ ಬಚ್ಚಲಿನ ಚಿಲಕ ಕಿತ್ಹಾಕ್ಸು. ಸ್ಕ್ರೂಡ್ರೈವರ್ ನನ್ನ ಕೈಗೆ ಸಿಗದ ಹಾಗೆ ಬಚ್ಚಿಡು!"